ದಪ್ಪ ಗೆರೆಯ ಮರೆಯಲ್ಲಿ

ಅವನಿಗೆ ದಪ್ಪಕ್ಷರ ಎಂಬ ಅಡ್ಡಹೆಸರು ಅಂಟಿಕೊಂಡು ಒಂದು ವರ್ಷವಾಗಿತ್ತು. ಆಳು ಮಾತ್ರ ಕಡ್ಡಿ ಪೈಲ್ವಾನ. ಒಡವೆ ಅಂಗಡಿಯ ಬೋರ್ಡಿರಲಿ, ಅತ್ತರಿನ ಡಬ್ಬಿಯಿರಲಿ, ಅವನ ಬಳುಕುವ ದಪ್ಪ ಅಕ್ಷರ ಕಂಡರೆ ಜನ ನಿಂತು ನೋಡುತ್ತಿದ್ದರು. ಎಂಥ ಗಟ್ಟಿ ಕೈ ಎಂದು ಹೊಗಳುತ್ತಿದ್ದರು. ಪಾಪ, ಅವರಿಗೇನು ಗೊತ್ತು.

ಅದಕ್ಕೂ ಮುಂಚೆ ಅವನದು ಎಳೆ ಎಳೆಯಾದ ಸಣ್ಣ ಗೆರೆ. ಒಂದು ದಿನ ಕಿರುಬೆರಳು ತಾನಾಗಿ ಅದುರಿತು. ಮರುದಿನವೇ ಅಗಲ ಕುಂಚ ಕೈಗೆತ್ತಿಕೊಂಡ. ದಪ್ಪ ಗೆರೆಯಲ್ಲಿ ನಡುಕ ಮುಚ್ಚಿಹೋಗುತ್ತದೆ. ಬೋರ್ಡು ಬರೆಯುತ್ತಿದ್ದ ಅವನ ಅಪ್ಪನಿಗೂ ಕಿರುಬೆರಳಿನಿಂದಲೇ ಶುರುವಾಗಿತ್ತು. ಮೂರೇ ವರ್ಷ, ಆಮೇಲೆ ತುತ್ತು ಬಾಯಿಗಿಡಲೂ ಇನ್ನೊಬ್ಬರು ಬೇಕಾಯಿತು.

ಮಗಳು ಅವನ ಅಕ್ಷರಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ ಫಾಂಟ್ ಮಾಡುತ್ತಿದ್ದಳು. ಒಮ್ಮೆ ಒಳಗೆ ಹೋದರೆ ಆ ಅಕ್ಷರಕ್ಕೆ ಕೈಯ ಹಂಗಿಲ್ಲ. ಇನ್ನು ಹನ್ನೊಂದು ಬಾಕಿ. ಕೈ ಬಿದ್ದುಹೋಗುವುದರೊಳಗೆ ಅವು ಮುಗಿಯಬೇಕು, ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಗೊತ್ತಾಗಬಾರದು. ಅವನಿಗೆ ಬೇಕಿದ್ದದ್ದು ಅಷ್ಟೇ.

ಒಂದು ಮಧ್ಯಾಹ್ನ ಮಗಳು ಕರೆದಳು. ಪರದೆಯ ಮೇಲೆ ಒಂದೊಂದು ಅಕ್ಷರವೂ ತಟ್ಟೆಯಗಲ ಹಿಗ್ಗಿ ನಿಂತಿತ್ತು. ಹಾಳೆಯ ಮೂಲೆಯಲ್ಲಿ ತಾರೀಕು ಬರೆಯದೆ ಕುಂಚ ಕೆಳಗಿಡಬಾರದೆಂದು ಅವನಿಗೆ ಕಲಿಸಿದವನು ಅಪ್ಪ. ನಡುಕ ಮುಚ್ಚಿಡುವ ಭರದಲ್ಲೂ ಅವನು ಅದನ್ನು ಬಿಟ್ಟಿರಲಿಲ್ಲ. ಮಗಳು ಆ ತಾರೀಕಿನ ಪ್ರಕಾರವೇ ಜೋಡಿಸಿದ್ದಳು. ಮೊದಲಿನವುಗಳ ಅಂಚು ನುಣ್ಣಗಿತ್ತು. ಬರುಬರುತ್ತಾ ಹಲ್ಲು ಮೂಡಿತ್ತು. ಮೊನ್ನೆಯದಂತೂ ಗರಗಸ.

“ಅಪ್ಪ, ತಾತನಿಗೂ ಹೀಗೇ ಆಗಿತ್ತಾ?”

ಅವನು ಕೈಯನ್ನು ಜೇಬಿಗೆ ತುರುಕಿಕೊಂಡ. “ಅಮ್ಮನಿಗೆ ಹೇಳ್ಬೇಡ ಮಗಾ. ಹನ್ನೊಂದು ಮುಗೀಲಿ. ಗೊತ್ತಾದ್ರೆ ಅವಳು ಕುಂಚ ಮುಟ್ಟೋಕೂ ಬಿಡಲ್ಲ.”

ಅಷ್ಟರಲ್ಲಿ ಹೆಂಡತಿ ಕಾಫಿ ತಂದಳು. ಎಂದಿನಂತೆ ಅರ್ಧ ಲೋಟ. ಎಷ್ಟೋ ತಿಂಗಳಿಂದ ಹೀಗೇ ಕೊಡುತ್ತಿದ್ದಳು, ಅವನು ಜಿಪುಣಿ ಎಂದು ಛೇಡಿಸುತ್ತಲೇ ಇದ್ದ. ಈಗಲೂ ನಗುತ್ತಾ ಅದನ್ನೇ ಹೇಳಿದ.

ಅವಳು ನಗಲಿಲ್ಲ. ಪರದೆಯತ್ತ ನೋಡಿದಳು, ಅವನ ಜೇಬಿನತ್ತ ನೋಡಿದಳು.

“ತುಂಬಿಸಿ ಕೊಟ್ರೆ ಚೆಲ್ಲುತ್ತೆ ಅಂತ ಅರ್ಧ ಹಾಕ್ತಿದ್ದೆ. ನೀವು ಮುಚ್ಚಿಡ್ತಿದ್ರಿ, ನಾನೂ ಸುಮ್ನಿದ್ದೆ. ಬೇಗ ಬರೆದು ಮುಗಿಸಿ.”

ಅವನು ಕೈ ಹೊರತೆಗೆದು ಲೋಟ ಹಿಡಿದ. ಮೇಜಿನ ಮೇಲೆ ಅಂದು ಬೆಳಿಗ್ಗೆ ತಾನೇ ಬರೆದು ಮುಗಿಸಿದ್ದ, ಇನ್ನೂ ಕಂಪ್ಯೂಟರಿಗೆ ಹಾಕದ ಅಕ್ಷರದ ಹಾಳೆಯಿತ್ತು, ಅದು ಮುಗಿದ ಮೇಲೆಯೇ ಬಾಕಿ ಹನ್ನೊಂದಕ್ಕೆ ಇಳಿದಿದ್ದು. ಲೋಟ ಬಾಯಿಗೆ ತಲುಪುವ ಮೊದಲೇ ಅರ್ಧ ಲೋಟದ ಕಾಫಿಯೂ ತುಳುಕಿ ಅದರ ಮೇಲೆ ಬಿತ್ತು.

ಬಾಕಿ ಮತ್ತೆ ಹನ್ನೆರಡಾಯಿತು.