ಬೆಂಡೆಕಾಯಿ ಮುದ್ರೆ

ಆಗೆಲ್ಲ ಕೆಜಿಎಫ್‌ನ ಉರಿಗಾಂನಲ್ಲಿ ಅವರೆಕಾಯಿ ಬರುವ ಹೊತ್ತಿಗೆ ಒಂದಲ್ಲ ಒಂದು ಮನೆ ಖಾಲಿಯಾಗುತ್ತಿತ್ತು. ಎಪ್ಪತ್ತರ ದಶಕದ ಮಾತು. ಗಣಿಯಲ್ಲಿ ಚಿನ್ನ ಕಡಿಮೆಯಾಗುತ್ತಿದೆ ಎಂದು ದೊಡ್ಡವರು ಗುಸುಗುಸು ಮಾತಾಡಿಕೊಳ್ಳುತ್ತಿದ್ದರು. ಮೈನ್ಸ್ ಕ್ವಾರ್ಟರ್ಸಿನ ಆಂಗ್ಲೋ ಇಂಡಿಯನ್ನರು ಒಬ್ಬರ ಹಿಂದೆ ಒಬ್ಬರು ಆಸ್ಟ್ರೇಲಿಯಾಕ್ಕೆ ಗಂಟುಮೂಟೆ ಕಟ್ಟುತ್ತಿದ್ದರು. ಅವರು ಬಿಟ್ಟುಹೋದ ಕುರ್ಚಿ, ಕಪಾಟು, ಹೂಕುಂಡಗಳು ನಮ್ಮಂಥವರ ಮನೆ ಸೇರುತ್ತಿದ್ದವು. ನಮ್ಮ ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಕುರ್ಚಿ ಬಂದದ್ದು ಹಾಗೆಯೇ.

ನಮ್ಮಪ್ಪ ಕಾಮಸಮುದ್ರದಲ್ಲಿ ಹೊಲ ಬಿಟ್ಟು ಕೆಜಿಎಫ್‌ನ ಕಾರ್ಖಾನೆಗೆ ಸೇರಿದ್ದರು. ಬಾಡಿಗೆ ಮನೆ. ಹಿತ್ತಲಿನ ಕಳ್ಳಿ ಬೇಲಿ ದಾಟಿದರೆ ಕ್ವಾರ್ಟರ್ಸು, ಅದರ ಮೊದಲನೆಯ ಮನೆಯೇ ನೋರೀನಳದು. ಅವಳಪ್ಪ ಕೂಲಿಗಳನ್ನು ಗಣಿಯೊಳಗೆ ಇಳಿಸಿ ಹತ್ತಿಸುವ ದೊಡ್ಡ ಎಂಜಿನ್ನಿನ ಡ್ರೈವರು. ಮೂರು ಮಕ್ಕಳು. ಬ್ರಯನ್‌ಗೆ ಹನ್ನೆರಡು, ಶೀಲಾಗೆ ನನ್ನಷ್ಟೇ ಹತ್ತು, ನೋರೀನಳಿಗೆ ಏಳು. ನೋರೀನಳ ಎಡಗಾಲು ಪೋಲಿಯೋದಿಂದ ಸೊರಗಿತ್ತು. ಬೂಟಿನಿಂದ ತೊಡೆಯವರೆಗೆ ಕಬ್ಬಿಣದ ಸರಳು, ಚರ್ಮದ ಪಟ್ಟಿ. ಅವಳು ಬರುವುದು ಕಾಣುವ ಮೊದಲೇ ಕೇಳುತ್ತಿತ್ತು.

ಅವರ ಮನೆಯಲ್ಲಿ ನೆಲಕ್ಕೆ ಹಚ್ಚುವ ಮೇಣದ ವಾಸನೆ, ಕ್ರಿಸ್‌ಮಸ್ಸಿಗೆ ಕರಿದ ಕಲ್‌ಕಲ್ ಸಿಹಿತಿಂಡಿಯ ವಾಸನೆ. ನಮ್ಮ ಮನೆಯಲ್ಲಿ ಅವರೆಸೊಗಡು. ನೋರೀನಳಿಗೆ ನಮ್ಮ ಮನೆಯದೇ ಇಷ್ಟ. ಅಮ್ಮನ ಪಕ್ಕ ಕುಳಿತು ನೆನೆಸಿದ ಅವರೆಕಾಳನ್ನು ಪಟಪಟನೆ ಹಿದುಕುತ್ತಿದ್ದಳು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ನನಗಿಂತ ಚುರುಕು. ಆಯಾ ಸವೇರಿಯಮ್ಮನ ಜೊತೆ ತಮಿಳು, ಮಮ್ಮಿಯ ಜೊತೆ ಇಂಗ್ಲಿಷು, ನಮ್ಮಮ್ಮನ ಜೊತೆ ಅಪ್ಪಟ ಕಾಮಸಮುದ್ರದ ಕನ್ನಡ. "ಈ ಮಗೀಗೆ ಬಾಯೇ ಕಾಲು ಕಣೆ," ಎಂದು ಅಮ್ಮ ನಗುತ್ತಿದ್ದಳು.

ಆ ವರ್ಷ ನಾವು ಒಂದು ಆಟ ಕಟ್ಟಿದೆವು. ಹೆಸರು 'ಆಸ್ಟ್ರೇಲಿಯಾ'. ಅಲ್ಲಿಗೆ ಹೋಗುವವರನ್ನು ಮದರಾಸಿನಲ್ಲಿ ಡಾಕ್ಟರು ಪರೀಕ್ಷೆ ಮಾಡುತ್ತಾರೆಂದು ಬ್ರಯನ್ ಹೇಳಿದ್ದ. ಡಾಕ್ಟರು ನಾನು, ಯಾಕೆಂದರೆ ಬಟ್ಟೆ ಒಗೆಯುವ ಕಲ್ಲು ನಮ್ಮದು. ಅದೇ ಆಸ್ಪತ್ರೆಯ ಮೇಜು. ನಾಲಿಗೆ ಚಾಚಬೇಕು, ನೂರರಿಂದ ಹಿಂದಕ್ಕೆ ಎಣಿಸಬೇಕು, ಹುಣಸೆಮರದವರೆಗೆ ಓಡಿ ವಾಪಸು ಬರಬೇಕು. ಪಾಸಾದವರ ಅಂಗೈಗೆ ಬೆಂಡೆಕಾಯಿಯ ತೊಟ್ಟಿನ ಕಡೆ ಕತ್ತರಿಸಿ, ಇಂಕಿನಲ್ಲಿ ಅದ್ದಿ ಒತ್ತುತ್ತಿದ್ದೆ. ಐದು ಎಸಳಿನ ನೀಲಿ ಹೂವು ಬೀಳುತ್ತಿತ್ತು.

ನೋರೀನ್ ನಾಲಿಗೆ ಚಾಚುತ್ತಿದ್ದಳು. ಎಣಿಕೆಯಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ. ಆಮೇಲೆ ಹುಣಸೆಮರದ ಕಡೆಗೆ ಹೊರಡುತ್ತಿದ್ದಳು, ಕಣಕ್ ಕಣಕ್ ಎಂದು. ಅರ್ಧ ದಾರಿಯಲ್ಲೇ ನಾನು ಕೂಗುತ್ತಿದ್ದೆ: "ಫೇಲ್!"

"ಇನ್ನೊಂದ್ ಸಲ ಮಂಜುಳಾ."

"ರೂಲ್ಸ್ ಅಂದ್ರೆ ರೂಲ್ಸು."

ಅವಳು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದಳು. ದಿನಕ್ಕೆ ನಾಲ್ಕು ಸಲ, ಐದು ಸಲ ಅವಳನ್ನು ಫೇಲು ಮಾಡಿದ್ದೇನೆ. ಸುಳ್ಳೇಕೆ, ನನಗದು ಖುಷಿ ಕೊಡುತ್ತಿತ್ತು. ಶಾಲೆಯಲ್ಲಿ ನನ್ನನ್ನು ಫೇಲು ಮಾಡುವವರು ಬಹಳ ಮಂದಿಯಿದ್ದರು, ನನ್ನ ಕೈಗೆ ಸಿಕ್ಕವಳು ಅವಳೊಬ್ಬಳೇ.

ಒಂದು ದಿನ ಬ್ರಯನ್ ಹೊಸ ರೂಲು ತಂದ. ಅಪ್ಪ ಅಮ್ಮ ಜಗಳವಾಡುವಾಗ ಕೇಳಿಸಿಕೊಂಡದ್ದು. ಮನೆಯಲ್ಲಿ ಒಬ್ಬರು ಫೇಲಾದರೆ ಇಡೀ ಮನೆಯೇ ಫೇಲು. ಅಂಥವರಿಗೆ ಆಸ್ಪತ್ರೆ, ಔಷಧಿ ಎಂದು ಆ ದೇಶಕ್ಕೆ ಖರ್ಚು ಬೀಳುತ್ತದಂತೆ, ಅದಕ್ಕೇ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲವಂತೆ. ಆಟದ ರುಚಿಯೇ ಕೆಟ್ಟಿತು. ಬ್ರಯನ್, ಶೀಲಾ ಇಬ್ಬರೂ ಜಿಂಕೆಯ ಹಾಗೆ ಓಡಿ ಬಂದರೂ ಮುದ್ರೆ ಇಲ್ಲ. ಎರಡು ದಿನ ಹೀಗೇ ನಡೆಯಿತು. ಮೂರನೆಯ ದಿನ ಬ್ರಯನ್ ತಂಗಿಯ ರಟ್ಟೆ ಹಿಡಿದು ಎಳೆದು ತಂದು ನನ್ನ ಪಕ್ಕ ನಿಲ್ಲಿಸಿದ.

"ಡಾಕ್ಟರ್, ಇವ್ಳು ನಮ್ಮನೆಯವ್ಳಲ್ಲ. ಮಂಜುಳಾ ಮನೆಯವ್ಳು. ನಾವಿರೋದು ನಾಲ್ಕೇ ಜನ."

ನಾನು ಇಬ್ಬರ ಅಂಗೈಗೂ ಮುದ್ರೆ ಒತ್ತಿದೆ. ಎಲ್ಲರೂ ಕೇಕೆ ಹಾಕಿದರು. ನೋರೀನ್ ಕೂಡ ಚಪ್ಪಾಳೆ ತಟ್ಟಿದಳು, ಅಣ್ಣ ಪಾಸಾದನಲ್ಲ ಎಂದು. ಬೇಲಿಯಾಚೆ, ಅಡುಗೆಮನೆಯ ಕಿಟಕಿಯಲ್ಲಿ ಅವಳ ಮಮ್ಮಿ ಪಾತ್ರೆ ಒರೆಸುವ ಬಟ್ಟೆ ಹಿಡಿದು ನಮ್ಮನ್ನೇ ನೋಡುತ್ತ ನಿಂತಿದ್ದರು.

ಅದಾಗಿ ವಾರದೊಳಗೆ ಅವರು ನಮ್ಮ ಮನೆಗೆ ಬಂದರು. ಬಂದವರೇ ಅತ್ತರು. ಆಸ್ಟ್ರೇಲಿಯಾದ ಫಾರಮ್ಮಿನಲ್ಲಿ ಇಬ್ಬರೇ ಮಕ್ಕಳೆಂದು ಬರೆದಾಗಿತ್ತು. ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸು ಬರುತ್ತಾನೆ, ಅಕ್ಕಪಕ್ಕದವರನ್ನೂ ಕೇಳುತ್ತಾನೆ. ಅವತ್ತೊಂದು ದಿನ ನೋರೀನ್ ನಮ್ಮ ಮನೆಯ ಹುಡುಗಿಯಾಗಿರಬೇಕು. ಅವರ ಮನೆಯಲ್ಲಿ ಅವಳೇ ಕಪ್ಪು, ಯಾರಿಗೂ ಅನುಮಾನ ಬರುವುದಿಲ್ಲ ಎಂದರು. ಅದೊಂದು ಪುಣ್ಯ ಎನ್ನುವಂತೆ ಹೇಳಿದರು.

"ಎತ್ತ ಮಗೀನ ಇಲ್ಲಾಂತ ಎಂಗಮ್ಮ ಏಳ್ತೀರ? ಬಾಯಿ ಬತ್ತದಾ?" ಎಂದಳು ಅಮ್ಮ.

"ಇವ್ಳೊಬ್ಬಳಿಂದ ಇನ್ನಿಬ್ರು ಮಕ್ಕಳೂ ಈ ಧೂಳಲ್ಲೇ ಸಾಯ್ಬೇಕಾ ಮಂಜುಳಾ ಅಮ್ಮ? ಒಂದೇ ವರ್ಷ. ಆಮೇಲೆ ಕರೆಸ್ಕೊಳ್ತೀವಿ. ಅಲ್ಲೀವರ್ಗೂ ಸವೇರಿ ನೋಡ್ಕೊಳ್ತಾಳೆ."

ಅಮ್ಮ ಒಪ್ಪಿದ್ದು ಅವರ ಅಳು ನೋಡಲಾರದೆ. ನಾನು ಒಪ್ಪಿದ್ದಕ್ಕೆ ಬೇರೆ ಕಾರಣವಿತ್ತು. ಶೀಲಾಳ ಹತ್ತಿರ ಮಲಗಿಸಿದರೆ ಕಣ್ಣು ಮುಚ್ಚುವ, ಎತ್ತಿದರೆ ಕಣ್ಣು ತೆರೆಯುವ ಗೊಂಬೆಯೊಂದಿತ್ತು. ಕೆಲಸ ಸರಿಯಾಗಿ ಆದರೆ ಅದು ನನಗೆ ಎಂದು ಮಮ್ಮಿ ಹೇಳಿದ್ದರು. ಆದರೆ ನೋರೀನಳನ್ನು ಒಪ್ಪಿಸುವುದು ಹೇಗೆ? ಅದಕ್ಕೂ ನಾನೇ ದಾರಿ ಹುಡುಕಿದೆ.

"ನೋರೀ, ಇದೇ ನಿಜವಾದ ಪರೀಕ್ಷೆ. ಪೊಲೀಸಿನೋರು ಬತ್ತಾರೆ. ನೀನು ಯಾರೂಂತ ಅವ್ರಿಗೆ ಗೊತ್ತಾಗ್ದಂಗೆ ಆಡ್ಬೇಕು. ಆಡಿದ್ರೆ ಪಾಸು."

"ಓಡೋದು ಬೇಡ್ವಾ?"

"ಬ್ಯಾಡ. ಸುಮ್ನೆ ಕೂತ್ಕೊಂಡೇ ಇರೋದು."

ಅವಳ ಮುಖ ಬೆಳಗಿದ್ದು ಇನ್ನೂ ನನ್ನ ಕಣ್ಣಿನಲ್ಲಿದೆ. ಓಡದೆ ಪಾಸಾಗುವ ಪರೀಕ್ಷೆಯೂ ಒಂದಿದೆ ಎಂದು ಅವಳಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಪೊಲೀಸು ಬಂದದ್ದು ಮಧ್ಯಾಹ್ನ. ಅಮ್ಮ ನೋರೀನಳಿಗೆ ನನ್ನ ಲಂಗ ಉಡಿಸಿ, ಎಣ್ಣೆ ಹಚ್ಚಿ ಎರಡು ಜಡೆ ಹೆಣೆದು, ಹಣೆಗೆ ಕುಂಕುಮ ಇಟ್ಟಿದ್ದಳು. ಕಬ್ಬಿಣದ ಕಾಲನ್ನು ಬಿಚ್ಚಿ ಸೌದೆಯ ಹಿಂದೆ ಅಡಗಿಸಿದ್ದು ನಾನು. ಜಗುಲಿಯ ಮೇಲೆ ಅವಳನ್ನು ಕೂರಿಸಿ, ಕಾಲಿನ ಮೇಲೆ ಗೋಣಿತಟ್ಟು ಹೊದಿಸಿ, ಅದರ ಮೇಲೆ ಅವರೆಕಾಳಿನ ಮೊರ ಇಟ್ಟಿದ್ದೆವು. ಪೊಲೀಸು ನಮ್ಮ ಒಂದೇ ಒಳ್ಳೆಯ ಕುರ್ಚಿಯಲ್ಲಿ ಕುಳಿತು ಟೋಪಿ ತೆಗೆದ.

"ಆ ಮನೇಲಿ ಎಷ್ಟ್ ಜನಮ್ಮ?"

ಅಮ್ಮ ಒಲೆ ನೋಡುವವಳಂತೆ ಒಳಗೆ ಹೋಗಿಬಿಟ್ಟಳು. ನಾನೇ ಹೇಳಿದೆ: "ನಾಕು ಜನ ಸಾರ್. ಇಬ್ರೇ ಮಕ್ಕಳು."

"ಈ ಮಗ ಯಾರು?"

ನಾನು ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು. "ನನ್ ಎಸ್ರು ಗಿರಿಜಾ ಸಾರ್. ಕಾಮಸಮುದ್ರ. ಒಳೀಕೋದ್ರಲ್ಲ, ಅವ್ರು ನಮ್ ದೊಡ್ಡಮ್ಮ. ಅವರೆಕಾಯಿ ಕೊಟ್ಟೋಗಾನಾಂತ ಬಂದೀವ್ನಿ." ಒಂದಕ್ಷರ ತಪ್ಪಲಿಲ್ಲ. ಗಿರಿಜಾ ಎಂಬ ಹೆಸರನ್ನು ಮಾತ್ರ ನಾವು ಕಲಿಸಿದ್ದು, ಉಳಿದದ್ದೆಲ್ಲ ಅವಳದೇ.

ಪೊಲೀಸು ನಕ್ಕ. "ಜಾಣೆ. ಎದ್ದೋಗಿ ಒಂದ್ ಲೋಟ ನೀರ್ ತತ್ತೀಯಾ ಮಗ?"

ಬೇಲಿಯಾಚೆ ಮಮ್ಮಿ ಒಣಗಿದ ಬಟ್ಟೆ ತೆಗೆಯುತ್ತಿದ್ದವರು ಹಾಗೇ ನಿಂತರು. ನೋರೀನ್ ತನ್ನ ಎರಡೂ ಕೈ ಮೇಲೆತ್ತಿ ತೋರಿಸಿದಳು. "ಕೈಯೆಲ್ಲಾ ಸಿಪ್ಪೆ ಸಾರ್. ಅಕ್ಕಾ, ನೀನೇ ತಂದ್ಕೊಡು."

ನೀರು ಕುಡಿದು, ಕಾಗದದಲ್ಲಿ ಏನೋ ಬರೆದುಕೊಂಡು, ಒಂದು ಬೊಗಸೆ ಕಾಳು ಕರವಸ್ತ್ರದಲ್ಲಿ ಕಟ್ಟಿಕೊಂಡು ಅವನು ಹೊರಟುಹೋದ. ಅವನು ಹುಣಸೆಮರ ದಾಟಿದ್ದೇ ತಡ, ನೋರೀನ್ ನನ್ನ ಕಡೆಗೆ ಅಂಗೈ ಚಾಚಿದಳು.

"ಪಾಸಾ?"

"ಪಾಸು," ಎಂದೆ. ಬೆಂಡೆಕಾಯಿ ಕತ್ತರಿಸಿ ತಂದು ಒತ್ತಿದೆ. ಒಳಗೆ ಅಮ್ಮ ಒಲೆಯ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಆ ದಿನ ನಮ್ಮ ಮನೆಯಲ್ಲಿ ಹಿದುಕಿದ ಬೇಳೆಯ ಸಾರನ್ನು ಯಾರೂ ಸರಿಯಾಗಿ ಉಣ್ಣಲಿಲ್ಲ. ನೋರೀನ್ ಒಬ್ಬಳೇ ಎರಡು ಸಲ ಹಾಕಿಸಿಕೊಂಡಳು, ಮುದ್ರೆ ಅಳಿಸಬಾರದೆಂದು ಎಡಗೈಯಲ್ಲಿ ತಿಂದಳು.

ಬೇಸಿಗೆಗೆ ಅವರು ಹೊರಟರು. ಮದರಾಸಿನ ರೈಲು ಹಿಡಿಯಲು ಬಂಗಾರಪೇಟೆಗೆ ಹೋಗಬೇಕಿತ್ತು. ಬೀಳ್ಕೊಡಲು ನಾವೂ ಹೋಗಿದ್ದೆವು. ನೋರೀನ್ ಸವೇರಿಯಮ್ಮನ ಸೊಂಟದ ಮೇಲೆ ಕುಳಿತಿದ್ದಳು. ಅಳುತ್ತಿರಲಿಲ್ಲ. ಕಬ್ಬಿಣದ ಕಾಲಿನವರಿಗೆ ಬೇರೆ ಹಡಗು ಇರುತ್ತದೆ, ಅದು ಹಿಂದಿನಿಂದ ಬರುತ್ತದೆ ಎಂದು ನಾನು ಹೇಳಿಟ್ಟಿದ್ದೆ. ಅವತ್ತು ಬೆಳಿಗ್ಗೆ ಹೊಸದಾಗಿ ಮುದ್ರೆಯನ್ನೂ ಹಾಕಿಸಿಕೊಂಡಿದ್ದಳು. ರೈಲು ಹೊರಟಾಗ ಆ ಅಂಗೈಯನ್ನು ಕಿಟಕಿಯ ಕಡೆಗೆ ಎತ್ತಿ ಹಿಡಿದಳು. ಅವಳ ಡ್ಯಾಡಿ ಕಿಟಕಿಯಿಂದ ಮುಖ ತಿರುಗಿಸಿದರು. ನನ್ನ ಕಂಕುಳಲ್ಲಿ ಗೊಂಬೆ ಇತ್ತು.

ವರ್ಷ ಒಂದಾಯಿತು, ಎರಡಾಯಿತು. ಗಣಿ ಕೂಲಿಗಳ ಸಾಲಿನಲ್ಲಿದ್ದ ಸವೇರಿಯಮ್ಮನ ಲೈನು ಮನೆಗೆ ಕಾಗದ ಬಂದಾಗಲೆಲ್ಲ ನೋರೀನಳೇ ಇಂಗ್ಲಿಷಿನಲ್ಲಿ ಓದಿ ತಮಿಳಿನಲ್ಲಿ ಹೇಳುತ್ತಿದ್ದಳು. ಒಂದು ಸಲ ನಾನೂ ಅಲ್ಲಿದ್ದೆ. ಇಬ್ಬರೇ ಮಕ್ಕಳೆಂದು ಬರೆದುಕೊಟ್ಟು ಬಂದಿದ್ದೇವೆ, ಈಗ ಮೂರನೆಯವಳಿದ್ದಾಳೆ ಎಂದರೆ ನಮ್ಮೆಲ್ಲರನ್ನೂ ಸುಳ್ಳುಗಾರರೆಂದು ವಾಪಸು ಕಳಿಸುತ್ತಾರೆ, ದೇವರು ನಿನ್ನನ್ನು ಕಾಪಾಡಲಿ ಎಂದಿತ್ತು. ಒಂಬತ್ತು ವರ್ಷದ ಹುಡುಗಿ ಅದನ್ನು ಓದಿ, ಸವೇರಿಯಮ್ಮನಿಗೆ ಅರ್ಥವಾಗುವ ಹಾಗೆ ನಿಧಾನವಾಗಿ ಬಿಡಿಸಿ ಹೇಳಿ, ಕಾಗದ ಮಡಿಸಿಟ್ಟಳು. ಆಮೇಲೆ ನನ್ನನ್ನು ಕೇಳಿದಳು: "ನಾನ್ ಪಾಸಾಗಿದ್ದೆ ಅಲ್ವಾ?"

ನಾನು ಮನೆಗೆ ಓಡಿಬಂದೆ. ನನಗೆ ಎರಡೂ ಕಾಲು ಚೆನ್ನಾಗಿದ್ದವಲ್ಲ.

ಅವಳನ್ನು ಫಾರಮ್ಮಿನಲ್ಲಿ ಬರೆದು, ಡಾಕ್ಟರು ನೋಡಿ, ಬೇಡ ಎಂದಿದ್ದರೆ ಅಲ್ಲೆಲ್ಲೋ ಒಂದು ಕಡತದಲ್ಲಿ ಅವಳ ಹೆಸರಾದರೂ ಇರುತ್ತಿತ್ತು. ಮುಂದೆ ಯಾರಾದರೂ ಪುಣ್ಯಾತ್ಮರು ತೆಗೆದು ನೋಡಬಹುದಿತ್ತು. ಬರೆಯದೇ ಬಿಟ್ಟವಳಿಗೆ ಫೇಲಾಗುವ ಭಾಗ್ಯವೂ ಇಲ್ಲ. ಕಾಲು ನೋಡಿ ಖರ್ಚಿನ ಬಾಬತ್ತು ಎಂದು ತಳ್ಳುವ ದೇಶದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಏಳು ವರ್ಷಕ್ಕೆ ಮೂರು ಭಾಷೆ ಆಡಿ, ಪೊಲೀಸಿನವನ ಕೈಗೆ ನೀರಿನ ಲೋಟವನ್ನು ನನ್ನಿಂದ ಕೊಡಿಸಿದವಳು ಯಾವ ದೇಶಕ್ಕೆ ಭಾರವಾಗುತ್ತಿದ್ದಳು? ಆದರೆ ಆ ಸಿಟ್ಟು ಬಹಳ ಹೊತ್ತು ನಿಲ್ಲುವುದಿಲ್ಲ. ಆ ದೇಶ ಅವಳ ಮುಖವನ್ನೇ ನೋಡಿರಲಿಲ್ಲ. ನಾವು ನೋಡಿದ್ದೆವು. ಕಿಟಕಿಯಲ್ಲಿ ನಿಂತಿದ್ದ ಮಮ್ಮಿಗೆ ಆ ಉಪಾಯ ನಮ್ಮ ಆಟದಿಂದಲೇ ಹೊಳೆಯಿತೋ ಏನೋ, ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ತೊಂಬತ್ತರ ದಶಕದಲ್ಲಿ ಬ್ರಯನ್ ಒಮ್ಮೆ ಬಂದ. ತಲೆ ಬೋಳಾಗಿತ್ತು. ಜೊತೆಗೆ ಬಿಳಿ ಹೆಂಡತಿ, ಇಬ್ಬರು ಮಕ್ಕಳು. ಸವೇರಿಯಮ್ಮ ತೀರಿಹೋಗಿ ವರ್ಷಗಳಾಗಿದ್ದವು. ನೋರೀನ್ ಅದೇ ಲೈನು ಮನೆಯಲ್ಲಿ ಕೈಯಿಂದ ತಿರುಗಿಸುವ ಮಿಷನ್ನಿನಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ರವಿಕೆಯ ಅಳತೆ ಕೊಡಲು ಹೋದ ನಾನೂ ಅಲ್ಲೇ ಇದ್ದೆ. ಬ್ರಯನ್ ಬಾಗಿಲಲ್ಲಿ ನಿಂತು ತಂಗಿಯನ್ನು ನೋಡಿದ, ಕಬ್ಬಿಣದ ಕಾಲನ್ನು ನೋಡಿದ. ಅವನ ಹೆಂಡತಿ ನಗುನಗುತ್ತಲೇ ಇಂಗ್ಲಿಷಿನಲ್ಲಿ ಕೇಳಿದಳು, ನೀವು ಯಾರು ಎಂದು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಬ್ರಯನ್ ಕನ್ನಡಕ ತೆಗೆದು ಒರೆಸತೊಡಗಿದ.

ನೋರೀನ್ ಅವನಿಗೆ ಬೇಕಾದಷ್ಟು ಹೊತ್ತು ಕೊಟ್ಟಳು. ಅವನು ಒರೆಸುತ್ತಲೇ ಇದ್ದ.

"ನಾನು ಪಕ್ಕದ ಮನೆಯವಳು," ಎಂದಳು ಅವಳು, ಚೊಕ್ಕ ಇಂಗ್ಲಿಷಿನಲ್ಲಿ. "ಗಿರಿಜಾ ಅಂತ. ಚಿಕ್ಕವರಿದ್ದಾಗ ಜೊತೆಗೆ ಆಡಿದವರು."

ಅವರು ಚಾಕೊಲೇಟು ಕೊಟ್ಟು, ಫೋಟೋ ತೆಗೆದುಕೊಂಡು ಹೋದರು. ಈಗ ಗಣಿ ನಿಂತಿದೆ, ಸೈರನ್ ಕೂಗುವುದಿಲ್ಲ, ಆ ಕ್ವಾರ್ಟರ್ಸಿನ ಕಿಟಕಿಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ. ನಮ್ಮಮ್ಮನಿಲ್ಲ. ಅವರೆಕಾಯಿ ಮಾತ್ರ ವರ್ಷವರ್ಷವೂ ಬರುತ್ತದೆ, ಹಿದುಕುವವರು ಕಡಿಮೆ. ಇದನ್ನೆಲ್ಲ ಕಳೆದುಕೊಂಡೆ ಎಂದು ಎಲ್ಲರಂತೆ ನಾನೂ ಹೇಳಬಹುದು. ಆದರೆ ನಾನು ನಿಜವಾಗಿ ಕಳೆದುಕೊಂಡದ್ದು ಯಾವುದೆಂದು ಬ್ರಯನ್ ಬಂದುಹೋದ ಆ ಮಧ್ಯಾಹ್ನವೇ ತಿಳಿಯಿತು. ಅವರ ಕಾರು ಮರೆಯಾದ ಮೇಲೆ, ಅಂದಿನಂತೆ 'ಪಾಸಾ?' ಎಂದು ಕೇಳುತ್ತಾಳೆಂದು ನಾನು ಕಾಯುತ್ತ ನಿಂತಿದ್ದೆ. ನೋರೀನ್ ಟೇಪು ತೆಗೆದುಕೊಂಡು ನನ್ನ ತೋಳಿನ ಅಳತೆ ಹಿಡಿದಳು, ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಗುರುತು ಹಾಕಿದಳು. ಈ ಸಲ ಅವಳು ಅಂಗೈ ಚಾಚಲಿಲ್ಲ.