ಬದಲಿ ಅಕ್ಕನಿಗೆ ಬದಲಿ ಯಾರು?

ಬೆಳಗಿನ ಮೊದಲ ಬಸ್ಸಿನಿಂದ ಇಳಿಯುವಾಗ ಬದಲಿ ಅಕ್ಕ ಯಾವಾಗಲೂ ಕೊನೆಯವರು. ಹಿಂದೆ ನಿಂತವರಿಗೆಲ್ಲ ದಾರಿ ಬಿಟ್ಟುಕೊಟ್ಟು, ಕಂಬಿ ಹಿಡಿದು, ಮೊದಲು ಹಟಮಾರಿ ಬಲಗಾಲನ್ನು ನೆಲಕ್ಕಿಳಿಸುತ್ತಾರೆ. ಆಮೇಲೆ ಬ್ಯಾಗು, ಕೊನೆಗೆ ಎಡಗಾಲು. ಕಂಡಕ್ಟರ್ ಸೀಟಿ ಊದದೆ ಕಾಯುತ್ತಾನೆ. "ನಿಧಾನ ಅಕ್ಕಾ, ಬಸ್ಸೇನೂ ಓಡಿಹೋಗಲ್ಲ," ಅನ್ನುತ್ತಾನೆ. "ಓಡಿಹೋಗೋದೇ ಅಲ್ವೇನಪ್ಪ ಅದರ ಕೆಲಸ," ಅಂತ ಅಕ್ಕ ಗೊಣಗುತ್ತಾರೆ.

ಇನ್ನೂ ಬೀದಿದೀಪ ಆರಿಲ್ಲ. ಬಟ್ಟೆ ಗಿರಣಿಯ ರಾತ್ರಿ ಪಾಳಿಯವರು ಕಣ್ಣುಜ್ಜಿಕೊಂಡು ಹೊರಗೆ ಬರುತ್ತಿದ್ದಾರೆ. ಗಿರಣಿಯ ಗೋಡೆಗೆ ಒರಗಿಕೊಂಡ ಹಾಗೆ ಒಂದು ಉದ್ದ ಕೋಣೆ ಇದೆ. ಹಿಂದೆ ಕೆಲಸಗಾರರ ಸೈಕಲ್ ನಿಲ್ಲಿಸುತ್ತಿದ್ದ ಜಾಗ ಅದು, ಈಗ ಕಾಲೊನಿಯ ಲೈಬ್ರರಿ. ಕಾವಲುಗಾರನಿಂದ ಬೀಗದ ಕೈ ಇಸಿದುಕೊಂಡು ಅಕ್ಕ ಬಾಗಿಲು ತೆಗೆಯುತ್ತಾರೆ. ಪೇಪರಿಗೆ ಬರೆಯಲೆಂದು ಜೊತೆಗೆ ಬಂದಿದ್ದ ನಾನು, ಒಳಗೆ ಹೋದವರೇ ಪೊರಕೆ ಹಿಡಿಯುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಕೈಕಟ್ಟಿಕೊಂಡು ಸುಮ್ಮನೆ ನಿಂತು ಸುತ್ತಲೂ ನೋಡುತ್ತಾರೆ.

"ಕಂಡವರ ಮನೆಗೆ ಬಂದಿದೀವಿ ಅನ್ನೋದು ಮೊದಲು ತಲೇಲಿ ಕೂತ್ಕೋಬೇಕು," ಅನ್ನುತ್ತಾರೆ. "ಇಲ್ಲಿ ಯಾವುದು ಎಲ್ಲಿದೆ ಅಂತ ಕಣ್ಣಲ್ಲೇ ಬರ್ಕೊಂಡುಬಿಡ್ತೀನಿ. ಸಾಯಂಕಾಲ ಹಂಗೇ ಬಿಟ್ಟು ಹೋಗ್ಬೇಕಲ್ಲ."

ಮೇಜಿನ ಹಿಂದಿನ ಕುರ್ಚಿ ಅವರಿಗೆ ತೀರಾ ತಗ್ಗು. ಪಕ್ಕದ ಹಿಡಿ ತಿರುಗಿಸಿದರೆ ಎತ್ತರವಾಗುತ್ತದೆ. ಅವರು ತಿರುಗಿಸುವುದಿಲ್ಲ. ಬ್ಯಾಗಿನಿಂದ ತಮ್ಮದೇ ದಿಂಬು ತೆಗೆದು ಹಾಕಿಕೊಂಡು ಕೂರುತ್ತಾರೆ. ಲೋಟವೂ ಅವರದ್ದೇ, ಪೆನ್ನೂ ಅವರದ್ದೇ. ರಜೆ ಮುಗಿಸಿ ಬಂದ ಗ್ರಂಥಪಾಲಕರಿಗೆ, ತಾನಿಲ್ಲದಾಗ ಯಾರೋ ಬಂದು ಕೂತಿದ್ದರು ಅಂತ ಅನ್ನಿಸಲೇಬಾರದು. ಅದೇ ಅಕ್ಕನ ಕೆಲಸದ ಅಚ್ಚುಕಟ್ಟು.

ಇವರನ್ನು ಸಂಬಳಕ್ಕೆ ಇಟ್ಟುಕೊಂಡಿರುವುದು ಗ್ರಂಥಪಾಲಕರ ಒಂದು ಒಕ್ಕೂಟ. ನಲವತ್ತರ ಹತ್ತಿರ ಪುಟ್ಟ ಲೈಬ್ರರಿಗಳು ಅದರ ಸದಸ್ಯರು. ಒಂದು ಬಂದರಿನದು, ಒಂದು ಆಸ್ಪತ್ರೆ ಪಕ್ಕದ್ದು, ಒಂದು ರೈಲ್ವೆ ಕ್ವಾರ್ಟರ್ಸಿನದು, ಹೀಗೆ. ಎಲ್ಲ ಕಡೆಯೂ ಇರುವವರು ಒಬ್ಬರೇ. ಬೀಗ ತೆಗೆಯುವವರೂ ಅವರೇ, ಕಸ ಗುಡಿಸುವವರೂ ಅವರೇ, ಪುಸ್ತಕ ಹುಡುಕಿಕೊಡುವವರೂ ಅವರೇ. ಒಬ್ಬರಿಗೆ ಜ್ವರ ಬಂದರೆ ಇಡೀ ಲೈಬ್ರರಿಗೇ ಜ್ವರ.

ಈ ಒಂಟಿ ಜೀವಗಳನ್ನು ಒಂದಕ್ಕೊಂದು ಗಂಟು ಹಾಕುವುದೇ ಒಕ್ಕೂಟದ ಕೆಲಸ. ಅದರ ಆಫೀಸಿನಲ್ಲಿ ಒಬ್ಬ ಹುಡುಗಿ ಬೆಳಗಿನಿಂದ ಫೋನ್ ಹಿಡಿದು ಕೂರುತ್ತಾಳೆ. ಎಲ್ಲರೂ ಅವಳನ್ನು ಫೋನ್ ತಂಗಿ ಅನ್ನುತ್ತಾರೆ. ಇಂಥ ಪುಸ್ತಕ ಯಾರ ಹತ್ತಿರ ಇದೆ, ಕಂಪ್ಯೂಟರ್ ಯಾಕೆ ಮುನಿಸಿಕೊಂಡಿದೆ, ಕಾಗದಕ್ಕೆ ಹುಳ ಬಿದ್ದರೆ ಏನು ಮಾಡಬೇಕು, ಎಲ್ಲದಕ್ಕೂ ಅವಳ ಬಳಿ ಉತ್ತರವೋ, ಉತ್ತರ ಗೊತ್ತಿರುವವರ ನಂಬರೋ ಇರುತ್ತದೆ. ಒಂದು ಲೈಬ್ರರಿಯಲ್ಲಿ ಇಲ್ಲದ ಪುಸ್ತಕ ಇನ್ನೊಂದರಿಂದ ಪೆಟ್ಟಿಗೆಯಲ್ಲಿ ಬರುತ್ತದೆ. ತಿಂಗಳಿಗೊಮ್ಮೆ ಎಲ್ಲರೂ ಒಟ್ಟಿಗೆ ಫೋನಿನಲ್ಲಿ ಸೇರಿ ಮಾತಾಡುತ್ತಾರೆ, ಮುಕ್ಕಾಲು ಪಾಲು ಬರೀ ಗೋಳು. ಇಷ್ಟೆಲ್ಲ ಆದಮೇಲೂ ಒಬ್ಬರು ಹಾಸಿಗೆ ಹಿಡಿದರೆ ಬಾಗಿಲು ತೆಗೆಯಲು ಒಂದು ಜೀವ ಬೇಕಲ್ಲ. ಆ ಜೀವ ಬದಲಿ ಅಕ್ಕ.

ವಯಸ್ಸು ಐವತ್ತೇಳು. ಹಿಂದೆ ಒಂದು ಶಾಲೆಯ ಲೈಬ್ರರಿಯಲ್ಲಿದ್ದರು. ಶಾಲೆ ಮುಚ್ಚಿತು, ಕೆಲಸ ಹೋಯಿತು. "ಎರಡು ತಿಂಗಳು ಅಂತ ಇಲ್ಲಿಗೆ ಸೇರ್ಕೊಂಡೆ. ಹದಿನೆಂಟು ವರ್ಷ ಆಯ್ತು. ಇನ್ನೂ ಆ ಎರಡು ತಿಂಗಳು ಮುಗಿದಿಲ್ಲ," ಅಂತ ನಗುತ್ತಾರೆ. ವಾರಕ್ಕೆ ನಾಲ್ಕು ಊರು ಸುತ್ತುವುದೂ ಉಂಟು. ಬಸ್ಸಿನ ಮೆಟ್ಟಿಲು, ಲೈಬ್ರರಿಯ ಏಣಿ, ಮತ್ತೆ ಬಸ್ಸಿನ ಮೆಟ್ಟಿಲು. ಬಲಮಂಡಿ ಸವೆದು ಹೋಗಿದೆ. ಮಂಡಿ ಬದಲಾಯಿಸದೆ ಬೇರೆ ದಾರಿಯಿಲ್ಲ ಅಂತ ಡಾಕ್ಟರು ಹೇಳಿ ಎರಡು ಸಲ ತಾರೀಕು ಕೊಟ್ಟರು. ಎರಡು ಸಲವೂ ಅಕ್ಕ ಮುಂದೂಡಿದರು. ಮೂರನೆಯ ತಾರೀಕು ಈ ತಿಂಗಳ ಕೊನೆಗೆ ಇದೆ. ಇದನ್ನೂ ತಪ್ಪಿಸಿಕೊಂಡರೆ ಕೋಲು ಹಿಡಿದರೂ ನಡೆಯಲಾಗುವುದಿಲ್ಲ ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ.

ಬೆಳಗ್ಗೆ ಸ್ಕೂಟರಿನಲ್ಲಿ ಹೆಂಡತಿಯನ್ನು ಬಸ್ಸಿಗೆ ಬಿಡಲು ಬಂದಿದ್ದ ಗಂಡ ವೃತ್ತಿಯಲ್ಲಿ ದರ್ಜಿ, ಮಾತು ಕಮ್ಮಿ. ಆದರೂ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಊರಿಗೆಲ್ಲ ಇವಳು ಬದಲಿ. ಇವಳಿಗೆ ಬದಲಿ ಯಾರು ಅಂತ ಕೇಳಿದ್ರೆ ಕಿವಿ ಕೇಳಿಸಲ್ಲ. ನೀವಾದ್ರೂ ಪೇಪರಲ್ಲಿ ಬರೀರಿ ಸ್ವಾಮಿ, ಓದಿದ್ರೆ ಬುದ್ಧಿ ಬಂದೀತು."

ಅಕ್ಕನನ್ನು ಕೇಳಿದರೆ ಅವರು ತೋರಿಸುವುದು ಈ ಕುರ್ಚಿಯನ್ನು. ಇದು ಶ್ಶ್ ಸಾರ್ ಕುರ್ಚಿ. ಯಾರಾದರೂ ಜೋರಾಗಿ ಉಸಿರಾಡಿದರೂ ತುಟಿಯ ಮೇಲೆ ಬೆರಳಿಡುವ ಈ ಗ್ರಂಥಪಾಲಕರಿಗೆ ಕಾಲೊನಿಯ ಮಕ್ಕಳು ಇಟ್ಟ ಹೆಸರು ಅದು. ಅವರ ಹೆಂಡತಿಗೆ ಮೂರು ವಾರಕ್ಕೊಮ್ಮೆ ದೂರದ ದೊಡ್ಡಾಸ್ಪತ್ರೆಯಲ್ಲಿ ಚಿಕಿತ್ಸೆ, ಹೋಗಿ ಬರಲು ಮೂರು ದಿನ. ಆ ಮೂರು ದಿನ ಅಕ್ಕ ಇಲ್ಲಿರುತ್ತಾರೆ. ಗಿರಣಿಯವರಿಗೆ ಈ ಕೋಣೆಯ ಮೇಲೆ ಬಹಳ ದಿನದಿಂದ ಕಣ್ಣಿದೆ. ಬಾಗಿಲು ಮುಚ್ಚಿದ್ದು ಕಂಡರೆ ಸಾಕು, ನೂಲಿನ ಗೋದಾಮು ಮಾಡಿಕೊಳ್ಳುತ್ತೇವೆ ಅಂತ ಬಾಯಿಬಿಟ್ಟು ಹೇಳಿದ್ದಾರೆ.

"ನಾನು ಎರಡು ತಿಂಗಳು ಮಲಗಿದ್ರೆ ಆ ಮನುಷ್ಯ ಏನು ಮಾಡ್ಬೇಕು ಹೇಳಿ. ಹೆಂಡ್ತಿ ಕೈ ಹಿಡ್ಕೋಬೇಕೋ, ಈ ಬೀಗ ಹಿಡ್ಕೋಬೇಕೋ? ನನ್ನದು ಬರೀ ಮಂಡಿ," ಅನ್ನುತ್ತಾರೆ. ಈ ತಾರೀಕನ್ನೂ ಮುಂದೂಡಲು ಮಧ್ಯಾಹ್ನ ಆಸ್ಪತ್ರೆಗೆ ಫೋನ್ ಮಾಡುವುದು ಅಂತ ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ. ಅವರ ಗಂಡನಿಗೆ ಇದು ಗೊತ್ತಿಲ್ಲ, ನನಗೆ ಗೊತ್ತಾಯಿತು.

ಅಷ್ಟು ಹೊತ್ತಿಗೆ ಕಿಟಕಿಯಿಂದ ಬೆಳಕು ಬಂದು ಕಪಾಟುಗಳು ಕಾಣತೊಡಗುತ್ತವೆ. ಅಕ್ಕನ ಹುಬ್ಬು ಗಂಟಿಕ್ಕುತ್ತದೆ. ಪ್ರತಿ ಕಪಾಟಿನ ಕೆಳಗಿನ ಖಾನೆ ಖಾಲಿ. ಅಲ್ಲಿರಬೇಕಾದ ಪುಸ್ತಕಗಳೆಲ್ಲ ಮೇಲಿನ ಖಾನೆಗಳಲ್ಲಿ ಎರಡೆರಡು ಸಾಲಾಗಿ, ಕಿಟಕಿಯ ಕಟ್ಟೆಯ ಮೇಲೆ, ಓದುವ ಮೇಜಿನ ತುದಿಯಲ್ಲಿ ತುಂಬಿಕೊಂಡಿವೆ.

"ನೋಡಿ, ಈಗ ಎಲ್ಲ ಕಡೆ ಇದೇ ಕಥೆ," ಅನ್ನುತ್ತಾರೆ. "ಹೋದ ತಿಂಗಳು ಬಂದರಿನಲ್ಲೂ ಹಿಂಗೇ. ಕೇಳಿದ್ರೆ ಗೆದ್ದಲು ಅಂದ. ರೈಲ್ವೆಯವಳು ನೆಲ ತೇವ ಅಂದ್ಲು. ಆಸ್ಪತ್ರೆ ಹತ್ತಿರದವಳು ಬಣ್ಣ ಹೊಡೆಸ್ತೀನಿ ಅಂದ್ಲು. ಕೆಲಸಗಳ್ಳರು. ಬಗ್ಗೋಕೆ ಸೋಮಾರಿತನ, ಇನ್ನೇನು. ಇವರೆಲ್ಲ ಬಿಡಿ, ಶ್ಶ್ ಸಾರ್ ಕೂಡ ಹಿಂಗೆ ಮಾಡ್ತಾರೆ ಅಂದ್ರೆ ಪಾಪ, ಮನಸ್ಸು ಎಲ್ಲಿದೆಯೋ."

ಅಕ್ಕ ಒಂದು ಖಾಲಿ ಪೆಟ್ಟಿಗೆಯನ್ನು ಮಗುಚಿ ಹಾಕಿ ಅದರ ಮೇಲೆ ಕೂತು, ಒಂದು ತೆಕ್ಕೆ ಪುಸ್ತಕ ಇಳಿಸಿಕೊಳ್ಳುತ್ತಾರೆ. ಬಗ್ಗುವಾಗ ಮಂಡಿ ಲಟಕ್ಕೆಂದದ್ದು ನನಗೂ ಕೇಳಿಸುತ್ತದೆ. ಮುಖ ಹಿಂಡಿಕೊಳ್ಳುತ್ತಾರೆ. ನಾನು ಸಹಾಯಕ್ಕೆ ಹೋದೆ. ನಾಲ್ಕು ಪುಸ್ತಕ ಕೆಳಗೆ ಇಟ್ಟಿದ್ದೇವೆ, ಅಷ್ಟರಲ್ಲಿ ಅವರ ಕೈ ನಿಲ್ಲುತ್ತದೆ.

"ತಡೀರಿ. ನಾನೇ ನನ್ನ ಮಾತು ಮುರೀತಿದೀನಿ."

ಆ ಮಾತಿಗೊಂದು ಹಿನ್ನೆಲೆ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಕ್ಕ ಆಸ್ಪತ್ರೆ ಪಕ್ಕದ ಲೈಬ್ರರಿಗೆ ಬದಲಿಯಾಗಿ ಹೋಗಿದ್ದರು. ಅಲ್ಲಿ ವಯಸ್ಸಾದವರು ಓದುವ ದೊಡ್ಡ ಅಕ್ಷರದ ಪುಸ್ತಕಗಳು ಮಕ್ಕಳ ಪುಸ್ತಕಗಳ ತಗ್ಗಿನ ಖಾನೆಯಲ್ಲಿದ್ದವು. ಅಯ್ಯೋ ಅಂತ ಇಡೀ ದಿನ ಕೂತು ಎಲ್ಲವನ್ನೂ ಅದರದರ ಜಾಗಕ್ಕೆ, ಮೇಲಿನ ಖಾನೆಗೆ ಏರಿಸಿದರು. ಮರುದಿನ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕರು ಬಂದರು. ಅಭ್ಯಾಸದಂತೆ ಕೈ ಚಾಚಿದರೆ ಸಿಕ್ಕಿದ್ದು ಬಣ್ಣದ ಚಿತ್ರಗಳ ಪುಸ್ತಕ. ಅದನ್ನು ಮೆಲ್ಲಗೆ ಅಲ್ಲೇ ಇಟ್ಟು, ಯಾರಿಗೂ ಏನೂ ಹೇಳದೆ ಹೊರಟುಹೋದರು. ಅವರ ಕೈಗೆ ಎಟುಕಲಿ ಅಂತಲೇ ಅಲ್ಲಿನ ಗ್ರಂಥಪಾಲಕಿ ಪುಸ್ತಕಗಳನ್ನು ಆ ಖಾನೆಯಲ್ಲಿಟ್ಟಿದ್ದಳು ಅಂತ ಅಕ್ಕನಿಗೆ ತಿಳಿದದ್ದು ಆಮೇಲೆ.

"ಅವತ್ತೇ ತೀರ್ಮಾನ ಮಾಡಿದೆ. ತಪ್ಪು ಅಂತ ಕಂಡಿದ್ದನ್ನ ಸರಿ ಮಾಡೋ ಮುಂಚೆ, ಯಾಕೆ ಹಿಂಗಿದೆ ಅಂತ ಕೇಳ್ಬೇಕು. ಹೊಸದಾಗಿ ಸೇರೋರಿಗೂ ಇದನ್ನೇ ಹೇಳ್ತೀನಿ."

ಆದರೆ ಈಗ ಕೇಳುವುದು ಯಾರನ್ನ? ಶ್ಶ್ ಸಾರ್ ಆಸ್ಪತ್ರೆಯಲ್ಲಿದ್ದಾರೆ, ಅವರಿಗೆ ಕಾಟ ಕೊಡುವುದು ಬೇಡ. ಅಕ್ಕ ಫೋನ್ ತಂಗಿಗೆ ಕರೆ ಮಾಡಿ, ಕೈ ಖಾಲಿಯಿರಲಿ ಅಂತ ಸ್ಪೀಕರ್ ಹಾಕುತ್ತಾರೆ. ಕೆಳಗಿನ ಖಾನೆ ಯಾಕೆ ಖಾಲಿ ಅಂತ ಕೇಳುತ್ತಾರೆ.

"ಲೈನಲ್ಲಿದೀಯೇನೇ?"

"ಇದೀನಿ ಅಕ್ಕಾ. ಅದನ್ನ ಮುಟ್ಟಬೇಡಿ."

"ಮುಟ್ಟಬೇಡಿ ಅಂದ್ರೆ? ಇಲ್ಲೂ ಗೆದ್ದಲಾ?"

"ಎಲ್ಲೂ ಗೆದ್ದಲಿಲ್ಲ ಅಕ್ಕಾ," ಅನ್ನುತ್ತಾಳೆ ಹುಡುಗಿ. "ನೀವು ಬರೋ ಹಿಂದಿನ ದಿನ ಎಲ್ಲರೂ ಕೆಳಗಿನ ಖಾನೆ ಖಾಲಿ ಮಾಡಿಡ್ತಾರೆ. ನೀವು ಬಗ್ಗಬಾರದು ಅಂತ. ನೀವು ಹೋದಮೇಲೆ ಮತ್ತೆ ಇಳಿಸಿಕೊಳ್ತಾರೆ. ಯಾಕೆ ಹಿಂಗಿದೆ ಅಂತ ಮೊದಲು ಕೇಳಿ ಅಂತ ಹೇಳಿಕೊಟ್ಟೋರು ನೀವೇ ಅಲ್ವಾ? ನೀವು ಕೇಳಿದಾಗ ಹೇಳೋಕೆ ಯಾರಿಗೂ ಧೈರ್ಯ ಬರ್ಲಿಲ್ಲ, ಅಷ್ಟೆ."

ಅಕ್ಕ ತೊಡೆಯ ಮೇಲಿನ ಪುಸ್ತಕದ ರಟ್ಟನ್ನು ಅಂಗೈಯಿಂದ ಸವರುತ್ತಾ ಕೂತಿದ್ದಾರೆ. ಕಣ್ಣು ತುಂಬಿಕೊಂಡಿದೆ. ನನ್ನ ಕಣ್ಣೂ ನೆಟ್ಟಗಿರಲಿಲ್ಲ, ಯಾಕೆ ಸುಳ್ಳು ಬರೆಯಲಿ.

ಸಿಕ್ಕಿಬಿದ್ದ ಮೇಲೆ ಫೋನ್ ತಂಗಿ ಉಳಿದದ್ದನ್ನೂ ಕಕ್ಕುತ್ತಾಳೆ. ಮಂಡಿಯ ತಾರೀಕು ಎಲ್ಲರಿಗೂ ಗೊತ್ತು, ದರ್ಜಿಯೇ ಫೋನ್ ಮಾಡಿ ಹೇಳಿದ್ದಾರೆ. ಹೋದ ತಿಂಗಳ ಫೋನ್ ಸಭೆ ಮುಗಿದು ಅಕ್ಕ ಫೋನ್ ಇಟ್ಟಮೇಲೂ ಉಳಿದವರು ಇಟ್ಟಿರಲಿಲ್ಲ. ಆ ಎರಡು ತಿಂಗಳಲ್ಲಿ ಯಾರಿಗೆ ರಜೆ ಬೇಕಾದರೂ ಅಕ್ಕಪಕ್ಕದ ಊರಿನವರು ಹಂಚಿಕೊಂಡು ಬರುವುದು ಅಂತ ಮಾತಾಗಿದೆ. ಶ್ಶ್ ಸಾರ್ ಅವರ ಮೂರು ದಿನಕ್ಕೆ ಬಂದರಿನವನು ಒಂದು ದಿನ, ರೈಲ್ವೆಯವಳು ಒಂದು ದಿನ, ಇನ್ನೊಂದು ದಿನಕ್ಕೆ ನಿವೃತ್ತರಾಗಿ ಮನೆಯಲ್ಲಿ ಕೂತಿದ್ದ ಹಿರಿಯ ಗ್ರಂಥಪಾಲಕಿ. ಕೆಲಸದಲ್ಲಿರುವವರು ತಮ್ಮ ವಾರದ ರಜೆಯನ್ನೇ ಇದಕ್ಕೆ ಬಿಟ್ಟುಕೊಡುತ್ತಿದ್ದಾರೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಅಂತಾರಲ್ಲ, ಆ ಹೊರೆಯನ್ನು ಬಿಚ್ಚಿ ಮತ್ತೆ ಕಡ್ಡಿ ಕಡ್ಡಿಯಾಗಿ ಹಂಚಿಕೊಂಡಿದ್ದಾರೆ. ಅಕ್ಕನಿಗೆ ಹೇಳಬೇಕಾದವರು ಯಾರು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅನ್ನುವುದೊಂದೇ ತೀರ್ಮಾನವಾಗದೆ ಉಳಿದಿತ್ತು.

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?" ಅಕ್ಕನ ದನಿ ಗಡುಸಾಗಿದೆ.

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ," ಅಂತ ಅಕ್ಕ ಒಪ್ಪಿಕೊಳ್ಳುತ್ತಾರೆ. ಆಮೇಲೆ ಮೂಗು ಒರೆಸಿಕೊಂಡು ಶುರು ಮಾಡುತ್ತಾರೆ: "ಸರಿ, ಬಂದರಿನವನಿಗೆ ಹೇಳು. ಆ ಮಹಾನುಭಾವನಿಗೆ ಕೈ ಸುಮ್ಮನಿರಲ್ಲ. ಇಲ್ಲಿ ಕುರ್ಚಿ ಎತ್ತರ ಮಾಡಕೂಡದು. ಫ್ಯಾನಿನ ಕೆಳಗಿನ ಮೇಜು ದಿನಾ ಬರೋ ಪೇಪರ್ ತಾತನದು, ಬೇರೆ ಯಾರನ್ನೂ ಕೂರಿಸಬಾರದು. ಶ್ಶ್ ಸಾರ್ ಫೋನ್ ಮಾಡಿದ್ರೆ, ಎಷ್ಟು ಸಲ ಮಾಡಿದ್ರೂ ಸರಿ, ಬೇಜಾರು ಮಾಡ್ಕೊಳ್ದೆ ಉತ್ತರ ಕೊಡಬೇಕು. ಅವರು ಕೇಳೋದು ಲೈಬ್ರರಿ ಬಗ್ಗೆ ಅಲ್ಲ. ಆಸ್ಪತ್ರೇಲಿ ಒಬ್ಬರೇ ಕೂತಿರ್ತಾರೆ."

ಮಧ್ಯಾಹ್ನ ಅಕ್ಕ ಆಸ್ಪತ್ರೆಗೆ ಫೋನ್ ಮಾಡಿದರು. ತಾರೀಕು ಮುಂದೂಡಲು ಅಲ್ಲ, ಆ ದಿನ ಬೆಳಗ್ಗೆ ಎಷ್ಟು ಹೊತ್ತಿಗೆ ಬರಬೇಕು ಅಂತ ಕೇಳಲು. ಆಮೇಲೆ ಗಂಡನಿಗೂ ಒಂದು ಫೋನ್ ಹೋಯಿತು. "ಚಾಡಿಕೋರ," ಅಂತಷ್ಟೇ ಹೇಳಿ ಇಟ್ಟುಬಿಟ್ಟರು. ಇಷ್ಟು ಪ್ರೀತಿಯ ಬೈಗುಳವನ್ನು ನಾನು ಕೇಳಿ ಬಹಳ ದಿನವಾಗಿತ್ತು.

ಸಂಜೆಯ ಹೊತ್ತಿಗೆ ನಲವತ್ತೆರಡು ಜನ ಬಂದು ಹೋಗಿದ್ದಾರೆ. ಕೊನೆಯವರು ಪೇಪರ್ ತಾತ. ಗಿರಣಿಯ ಹಳೆಯ ಕೆಲಸಗಾರ, ಜಾಹೀರಾತೂ ಬಿಡದೆ ಪೇಪರ್ ಓದುವವರು. ಹೊರಡುವಾಗ ಕೋಲಿನಿಂದ ಕಪಾಟಿನ ಬುಡ ತೋರಿಸಿ ಕೇಳುತ್ತಾರೆ: "ಏನಮ್ಮಾ ಇದು, ಕೆಳಗೆಲ್ಲ ಬೋಳು ಬೋಳು. ಜೋಡಿಸಿಡೋಕೆ ಏನು ದಾಡಿ?"

"ಅದಕ್ಕೊಂದು ಕಾರಣ ಇದೆ ತಾತ," ಅನ್ನುತ್ತಾರೆ ಅಕ್ಕ. ಕಾರಣ ಏನು ಅಂತ ಹೇಳುವುದಿಲ್ಲ. ತಾತ ತಲೆಯಾಡಿಸಿಕೊಂಡು ಹೋಗುತ್ತಾರೆ.

ಬೆಳಗ್ಗೆ ಕೆಳಗಿಟ್ಟಿದ್ದ ನಾಲ್ಕು ಪುಸ್ತಕಗಳನ್ನು ನಾನು ಮತ್ತೆ ಮೇಲಕ್ಕೆತ್ತಿ ಇಡುತ್ತೇನೆ. ಅಕ್ಕ ದಿಂಬು ಮಡಚಿ ಬ್ಯಾಗಿಗೆ ತುರುಕಿ, ಲೋಟ ತೊಳೆದು, ಬಾಗಿಲಲ್ಲಿ ನಿಂತು ಬೆಳಗಿನಂತೆಯೇ ಒಮ್ಮೆ ಸುತ್ತ ನೋಡುತ್ತಾರೆ. ನಿಮಗೇನಾದರೂ ಆಸೆ ಇದೆಯಾ ಅಂತ, ಇಂಥ ಬರಹ ಬರೆಯುವವರು ಕೊನೆಗೆ ಕೇಳುವ ಪ್ರಶ್ನೆಯನ್ನು ನಾನೂ ಕೇಳಿದೆ. ಅವರು ಬಹಳ ಯೋಚನೆ ಮಾಡಲಿಲ್ಲ.

"ಮಂಡಿ ಸರಿಯಾದ್ಮೇಲೆ ಎಲ್ಲ ಊರಿಗೂ ಒಂದೊಂದು ಸಲ ಹೋಗ್ಬೇಕು. ಕೆಳಗಿನ ಖಾನೆ ಹಂಗೇ ಖಾಲಿ ಬಿಟ್ಟಿರಲಿ, ಯಾರೂ ಜೋಡಿಸಬಾರದು," ಅನ್ನುತ್ತಾ ಅಕ್ಕ ಬೀಗ ಹಾಕುತ್ತಾರೆ. "ನಾನೇ ಬಗ್ಗಿ ಜೋಡಿಸ್ತೀನಿ."