ನೀರಿನ ಮೇಜಿನ ಶೇಷಾದ್ರಿ
ಶೇಷಾದ್ರಿ ಎಲ್ಲಿ ನಿಂತರೂ ಅದು ಮದುವೆಮನೆ. ಡೆಸ್ ಪ್ಲೇನ್ಸ್‌ನ ಕಾಡುಹಾದಿಯಲ್ಲಿ ಅಮೆರಿಕದ ಮೂಲನಿವಾಸಿಗಳಾದ ನವಾಹೊ ಬುಡಕಟ್ಟಿನ ಮಾಜಿ ಸೈನಿಕರ ಗೌರವಾರ್ಥ ನಡೆದ ಓಟದಲ್ಲಿ ಅವನನ್ನು ನೀರು ಕೊಡಲು ನಿಲ್ಲಿಸಿದರೆ, ಮನೆಯಿಂದ ಮಜ್ಜಿಗೆಯನ್ನೂ ಕುರ್ಚಿಯನ್ನೂ ಹೊತ್ತು ತಂದಿದ್ದ. ಓಡುವವರು ಲೋಟ ಕಸಿದುಕೊಂಡು ಹೋಗುವುದು ಅವನಿಗೆ ಬೀಗರು ಊಟದ ಮಧ್ಯೆ ಎಲೆ ಬಿಟ್ಟು ಎದ್ದ ಹಾಗೆ, "ಒನ್ ಮೋರ್ ಪ್ಲೀಸ್, ಸಂಕೋಚ ಮಾಡ್ಕೋಬೇಡಿ!" ಎಂದು ಜಗ್ಗು ಹಿಡಿದು ಹಿಂದೆಯೇ ಓಡುತ್ತಿದ್ದ. ಎಲ್ಲರಿಗಿಂತ ಮುಂದಿದ್ದವನು ಅವನ ಉಪಚಾರಕ್ಕೆ ಸಿಕ್ಕಿ ಮೂರನೆಯವನಾದ. "ರೀ, ಅವ್ರು ಓಡಕ್ಕೆ ಬಂದಿರೋದು, ಊಟಕ್ಕಲ್ಲ" ಎಂದು ಹೆಂಡತಿ ಇಂದುಮತಿ ಗದರಿದರೆ, "ಬಂದವ್ರನ್ನ ಹಾಗೇ ಕಳಿಸಕ್ಕಾಗತ್ತೇನೇ?" ಎನ್ನುತ್ತಿದ್ದ. ಉಪಚಾರಕ್ಕೆ ಈಗ ಬಿಡುವೂ ಬೇಕಾದಷ್ಟಿತ್ತು. ರಿಸೆಷನ್‌ನಲ್ಲಿ ಅವನ ಕೆಲಸ ಹೋದ ಮೇಲೆ ಅವನ ಊರಾದ ಶಾಮ್‌ಬರ್ಗ್‌ನ ಕನ್ನಡಿಗರು ಎದುರು ಸಿಕ್ಕಾಗ "ಊಟ ಆಯ್ತಾ?" ಎನ್ನುವುದನ್ನು ಬಿಟ್ಟು "ಕೆಲಸ ಸಿಕ್ತಾ?" ಎನ್ನುವುದನ್ನು ರೂಢಿಸಿಕೊಂಡಿದ್ದರು. ಕೊನೆಯ ಪಂಕ್ತಿ ಏಳುವ ತನಕ ಯಜಮಾನ ಬಾಯಿಗೆ ಹನಿ ನೀರೂ ಹಾಕಬಾರದೆಂಬುದು ಅವನ ಶಾಸ್ತ್ರ. ಮೇಜು ಎತ್ತಿಡಿ ಎಂದು ಸಂಘಟಕರು ಕೂಗಿದರೂ ಕದಲಲಿಲ್ಲ. ಎಲ್ಲರ ಹಿಂದೆ ಕೋಲೂರುತ್ತ ಬಂದ ನವಾಹೊ ಸೈನಿಕರೊಬ್ಬರು, ಮುದುಕರು, ಕುರ್ಚಿಯಲ್ಲಿ ಸಾವಕಾಶವಾಗಿ ಕೂತು, ಎರಡು ಲೋಟ ಮಜ್ಜಿಗೆ ಕುಡಿದು, ಅವನ ಒಣಗಿದ ತುಟಿ ನೋಡಿ, "ನೀನೇನಾದರೂ ತಿಂದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಷ್ಟು ತಿಂಗಳಿಂದ ಶೇಷಾದ್ರಿ ಇನ್ನೊಂದು ಪ್ರಶ್ನೆಗೇ ಉತ್ತರ ಸಿದ್ಧ ಮಾಡಿಕೊಂಡು ಓಡಾಡುತ್ತಿದ್ದ.